ಎಲೆಗೆ ಕತ್ತಲು ಕೊಡುವ ಹೊತ್ತು

ಕಣ್ಣೊಳಗೆ ಇನ್ನೂ ಕಿಟಕಿ ಉಳಿದಿದೆ, ಹಸಿರು ಅಂಚಿನ ನೇರಳೆ ಚೌಕ, ಎಡಕ್ಕೆ ನೋಡಿದರೆ ಎಡಕ್ಕೆ ಜಾರುತ್ತದೆ, ಬಲಕ್ಕೆ ನೋಡಿದರೆ ಬಲಕ್ಕೆ, ಹಿಡಿಯಲು ಹೋದರೆ ಓಡುವ ಮಗುವಿನ ಹಾಗೆ — ಕಾರಿಡಾರಿನ ದೊಡ್ಡ ಕಿಟಕಿಯದು, ಮಧ್ಯಾಹ್ನದ ಬಿಸಿಲೆಲ್ಲ ಅಲ್ಲೇ ಬಂದು ಸುರಿಯುತ್ತದೆ, ನಾನು ಒಳಗೆ ಬಂದು ಬಾಗಿಲು ಹಾಕಿ, ಕಪ್ಪು ಪರದೆ ಎಳೆದು, ತಡಕಾಡಿ ಸ್ಟೂಲು ಹುಡುಕಿ ಕೂತರೂ ಬಿಡದೆ ಬೆನ್ನು ಹತ್ತಿ ಬಂದಿದೆ, ಬರಲಿ ಬಿಡು, ಸ್ವಲ್ಪ ಹೊತ್ತಿಗೆ ತಾನೇ ಕರಗುತ್ತದೆ, ಎಲೆಗೂ ಹೀಗೇ ಅಲ್ಲವೇ, ಬೆಳಕಿನಿಂದ ತಂದು ಕತ್ತಲಲ್ಲಿ ಇಟ್ಟ ಕೂಡಲೇ ಅದರೊಳಗಿನ ಬೆಳಕು ಸುಮ್ಮನಾಗುವುದಿಲ್ಲ, ಒಳಗಡೆ ಇನ್ನೂ ಗಲಾಟೆ ನಡೆದೇ ಇರುತ್ತದೆ, ಎಲ್ಲ ತಣ್ಣಗಾಗಲು ಅರ್ಧ ಗಂಟೆ ಬೇಕು, ಆ ಅರ್ಧ ಗಂಟೆ ಒಂದು ಚೂರು ಬೆಳಕೂ ತಾಗಬಾರದು, ಅದಕ್ಕೇ ಫೋನು ಹೊರಗೆ, ಕೈಗಡಿಯಾರ ಹೊರಗೆ, ಎಲೆಯನ್ನು ಅಳೆಯುವ ಯಂತ್ರದ ಪುಟ್ಟ ಪರದೆಗೂ ಕಪ್ಪು ಬಟ್ಟೆ, ಒಳಗೆ ಕುಂಡದಲ್ಲಿ ಒಂದು ಗಿಡ, ಆ ಗಿಡದ ಒಂದು ಎಲೆ ಯಂತ್ರದ ಕ್ಲಿಪ್ಪಿನ ಬಾಯಲ್ಲಿ, ಮತ್ತೆ ನಾನು. ಎಲೆಗೆ ಕತ್ತಲು ಕೊಡುವುದು ಎನ್ನುತ್ತೇವೆ ಇದಕ್ಕೆ, ಮಗುವಿಗೆ ಹಾಲು ಕೊಡುವುದು ಎಂದ ಹಾಗೆ. ಈಗಿನವರು ಎಲೆಗೊಂದು ಸಣ್ಣ ಕಪ್ಪು ಮುಚ್ಚಳ ಸಿಕ್ಕಿಸಿ ಚಹಾ ಕುಡಿಯಲು ಹೋಗುತ್ತಾರೆ, ನನಗೆ ಆಗದು, ನನಗೆ ಇಡೀ ಗಿಡಕ್ಕೇ ಕತ್ತಲು ಬೇಕು, ಜೊತೆಗೆ ನಾನೂ ಕೂರಬೇಕು, ಪಕ್ಕದ ಕೋಣೆಯವರು ನನಗೆ ಎಲೆ ಮೇಡಂ ಎಂದು ಹೆಸರಿಟ್ಟಿದ್ದಾರೆ, ಹಿಂದಿನಿಂದ ಕರೆಯುತ್ತಾರೆ, ನನಗೆ ಗೊತ್ತಿಲ್ಲ ಎಂದುಕೊಂಡಿದ್ದಾರೆ, ಗೊತ್ತಿದೆ, ಖುಷಿಯೇ ಇದೆ. ತಂಗಿಯಂತೂ ಫೋನಿನಲ್ಲಿ ನಗುತ್ತಾಳೆ, ಕತ್ತಲಲ್ಲಿ ಕೂತು ತೂಕಡಿಸೋದನ್ನ ಸಂಶೋಧನೆ ಅನ್ನೋಳು ನೀನೊಬ್ಳೇ ಕಣಕ್ಕಾ. ತೂಕಡಿಸುವುದು ಸುಳ್ಳು, ಆದರೆ ಹಾಯಾಗಿರುತ್ತದೆ ಎನ್ನುವುದು ನಿಜ, ಇಡೀ ದಿನದಲ್ಲಿ ಯಾರೂ ಏನೂ ಕೇಳದ ಅರ್ಧ ಗಂಟೆ, ಯಾರಿಗೂ ಉತ್ತರ ಕೊಡಬೇಕಿಲ್ಲ. ಇವತ್ತು ಮಾತ್ರ ಒಂದು ಉತ್ತರ ಬಾಕಿ ಉಳಿದಿದೆ.

ಬಾಕಿ ಅಲ್ಲ, ಕೊಟ್ಟಾಗಿದೆ, ತಪ್ಪಾಗಿ ಕೊಟ್ಟಾಗಿದೆ, ಬೆಳಿಗ್ಗೆ ಗಿಡ ಬೆಳೆಸುವ ಗಾಜಿನ ಮನೆಯಲ್ಲಿ ದೀಪದವರು, ಕಟ್ಟಡದ ದೀಪ ತಂತಿಗಳನ್ನೆಲ್ಲ ನೋಡಿಕೊಳ್ಳುವವರು, ಏಣಿಯ ಮೇಲೆ ನಿಂತಿದ್ದರು, ಕೆಟ್ಟ ದೀಪವನ್ನು ಬಿಚ್ಚುತ್ತಿದ್ದರು, ನಾನು ಕೆಳಗೆ ಕುಂಡಗಳನ್ನು ಸರಿಸುತ್ತಿದ್ದೆ, ಅವರು ನನ್ನ ಕಡೆ ನೋಡದೆ ಮೇಲಿನ ತಂತಿಯ ಹತ್ತಿರವೇ ಮಾತಾಡುವವರ ಹಾಗೆ ಕೇಳಿದರು, ಮೇಡಂ, ಒಂದ್ ಮಾತು, ತಪ್ಪು ತಿಳ್ಕೋಬಾರ್ದು, ನಾವಿಬ್ರೂ ಒಂದೇ ಮನೇಲಿ ಇದ್ರೆ ಹೇಗಿರುತ್ತೆ ಅಂತ, ಮದ್ವೆ ಆಗೇ, ಬೇರೆ ಥರ ಅಲ್ಲ — ನನ್ನ ಕೈಯಲ್ಲಿ ಒದ್ದೆ ಕುಂಡ, ಮೂಗಿನ ತುದಿಯಲ್ಲಿ ಮಣ್ಣು, ಬಾಯಿ ತೆರೆದೆ, ಬಂದದ್ದು ನೋಡೋಣ. ನೋಡೋಣ! ಐವತ್ತಾರು ವರ್ಷದ ಹೆಂಗಸು ಒಬ್ಬ ಗಂಡಸು ಏಣಿ ಹತ್ತಿ ಧೈರ್ಯ ತಂದುಕೊಂಡು ಕೇಳಿದ್ದಕ್ಕೆ ಕೊಟ್ಟ ಉತ್ತರ. ಈ ಕಟ್ಟಡದಲ್ಲಿ ನನ್ನ ನೋಡೋಣಕ್ಕೆ ಅರ್ಥ ಗೊತ್ತಿಲ್ಲದವರು ಯಾರಿದ್ದಾರೆ, ಹೊಸ ಸಮಿತಿಗೆ ಬನ್ನಿ ಮೇಡಂ, ನೋಡೋಣ, ಪ್ರವಾಸಕ್ಕೆ ಹೋಗೋಣ್ವಾ ಮೇಡಂ, ನೋಡೋಣ, ತಂಗಿ ಹೇಳುವುದು ಸರಿ, ನೀನು ನೋಡೋಣ ಅಂದ್ರೆ ಮುಗೀತು, ಇನ್ನು ನೋಡೋದೇನಿಲ್ಲ. ಅವರಿಗೂ ಅರ್ಥವಾಯಿತು, ಹೊಸ ದೀಪವನ್ನು ತಿರುಗಿಸಿ ಕೂರಿಸಿದರು, ಇಳಿದರು, ಏಣಿ ಮಡಚಿದರು, ಮುಖದಲ್ಲಿ ಸಿಟ್ಟಿಲ್ಲ, ಅದೇ ಕಷ್ಟ, ಸಿಟ್ಟಿದ್ದರೆ ಜಗಳ ಆಡಬಹುದಿತ್ತು. ಆಗ್ಲಿ ಮೇಡಂ, ನಾನು ಎರಡ್ನೇ ಸಲ ಕೇಳಿ ನಿಮ್ಗೆ ತೊಂದ್ರೆ ಕೊಡಲ್ಲ, ಊಟ ಆದ್ಮೇಲೆ ಮ್ಯಾನೇಜರ್‌ಗೆ ಹೇಳಿ ಆ ಕಡೆ ಕಟ್ಟಡಕ್ಕೆ ಹಾಕಿಸ್ಕೊಂಡ್ಬಿಡ್ತೀನಿ, ಅಲ್ಲಿಗೆ ಜನ ಬೇಕು ಅಂತ ಕೇಳ್ತಾನೇ ಇದಾರೆ, ದಿನಾ ಎದುರು ಬದುರು ಸಿಕ್ಕಿ ಇಬ್ರಿಗೂ ಮುಜುಗರ ಯಾಕೆ. ಹೇಳಿದರೆ ಹೇಳಿದ ಹಾಗೆ ಮಾಡುವ ಜನ ಅವರು. ನಾನು ಕುಂಡ ಹಿಡಿದು ನಿಂತೇ ಇದ್ದೆ, ಮಧ್ಯಾಹ್ನದವರೆಗೂ ಸರಿಸಿದ ಕುಂಡಗಳನ್ನೇ ಮತ್ತೆ ಸರಿಸಿ, ಆಮೇಲೆ ಗಿಡ ಎತ್ತಿಕೊಂಡು ಇಲ್ಲಿಗೆ ಬಂದು ಕೂತೆ, ಕೆಲಸ ಇತ್ತು ಎಂದು ನನಗೆ ನಾನೇ ಹೇಳಿಕೊಂಡು. ಈಗ ಊಟದ ಹೊತ್ತು, ಹೊರಗೆ ಡಬ್ಬಿಗಳ ಸದ್ದು ಕೇಳುತ್ತಿದೆ, ಅವರು ತಿನ್ನುವುದು ಬೇಗ, ಬಾಗಿಲು ತೆರೆದರೆ ಎಲೆ ಹಾಳು, ತೆರೆಯದಿದ್ದರೆ ಅವರು ಮ್ಯಾನೇಜರ್ ಕೋಣೆಯಲ್ಲಿ.

ಎಲೆ ಹಾಳು ಎಂದರೆ ಎಲೆಯ ಅಳತೆ ಹಾಳು, ಎಲೆ ತಾನು ಅಷ್ಟು ಸುಲಭಕ್ಕೆ ಹಾಳಾಗುವ ಜಾತಿಯದಲ್ಲ, ಹಾಳಾದದ್ದೂ ನೋಡಿದ್ದೇನೆ ಬಿಡು, ಎರಡು ವರ್ಷದ ಹಿಂದೆ, ಅದನ್ನು ಮಾಡಿದವರೂ ಈ ದೀಪದವರೇ, ಆಗ ಹೊಸಬರು, ಗಾಜಿನ ಮನೆಯ ಮೂಲೆಯಲ್ಲಿ ನಾನು ಮಂದ ಬೆಳಕಿನಲ್ಲಿ ಸಾಕಿದ್ದ ಸಸಿಗಳು ತೆಳ್ಳಗೆ ಉದ್ದಕ್ಕೆ ಇದ್ದವು, ಇವರಿಗೆ ಕನಿಕರ ಬಂತು, ಯಾರನ್ನೂ ಕೇಳದೆ ದೊಡ್ಡ ದೀಪ ಹಾಕಿ ಅದನ್ನೂ ಕೆಳಗಿಳಿಸಿ ಹೋದರು, ಸಂಜೆ ಬಂದು ನೋಡಿದರೆ ಎಲೆಗಳು ಸುಣ್ಣ ಬಳಿದ ಹಾಗೆ ಬೆಳ್ಳಗೆ. ಬಡಕಲಾಗಿದ್ವು ಮೇಡಂ, ಸ್ವಲ್ಪ ಹೊಟ್ಟೆ ತುಂಬಾ ಬೆಳಕು ತಿನ್ಲಿ ಅಂತ ಹಾಕ್ದೆ. ನಾನು ಕೂಗಾಡಿದೆ, ಬೆಳಕು ಗಿಡಕ್ಕೆ ಊಟ ಅಷ್ಟೇ ಅಲ್ಲ ರೀ, ಬೆಂಕೀನೂ ಹೌದು, ತಿನ್ನೋಕೆ ಆಗೋದಕ್ಕಿಂತ ಜಾಸ್ತಿ ಬಂದ್ರೆ ಅಡುಗೆಮನೆಗೇ ಬೆಂಕಿ ಬೀಳುತ್ತೆ. ಬೈಸಿಕೊಂಡವರು ಮುಖ ಊದಿಸಿಕೊಂಡು ಹೋಗುತ್ತಾರೆ ಸಾಮಾನ್ಯವಾಗಿ, ಇವರು ಮಾತ್ರ ಅಲ್ಲೇ ನಿಂತು ಕೇಳಿದರು, ಮತ್ತೆ ಹೊರಗಡೆ ಮರಗಳು ಹೇಗೆ ಬದುಕ್ತಾವೆ ಮೇಡಂ, ಅವಕ್ಕೆ ಏನು ಛತ್ರಿ ಇದ್ಯಾ? ಇದೆ. ಕೇಳಿದವರು ಅಪರೂಪ, ಹೇಳಲು ನನಗೆ ಬಾಯಿ ತುರಿಸುತ್ತಲೇ ಇರುತ್ತದೆ, ಹೇಳಿದೆ, ಎಲೆಯೊಳಗೆ ಹಸಿರು ಕಣಗಳಿವೆ, ಬಿಸಿಲು ಹೆಚ್ಚಾದರೆ ಅವು ಮುಂಭಾಗ ಬಿಟ್ಟು ಗೋಡೆಯ ಬದಿಗೆ ಸರಿದು ನಿಲ್ಲುತ್ತವೆ, ಜನ ನೆರಳಿಗೆ ಒತ್ತರಿಸಿಕೊಂಡು ನಿಲ್ಲುವ ಹಾಗೆ, ಕೆಲವು ಗಿಡ ಎಲೆಯನ್ನೇ ಓರೆ ಮಾಡಿಕೊಳ್ಳುತ್ತವೆ, ಎಳೆಯ ಚಿಗುರು ಕೆಂಪು ಬಣ್ಣ ಹೊದ್ದು ಬರುತ್ತದೆ, ಇಷ್ಟೆಲ್ಲ ಆದಮೇಲೂ ಹೆಚ್ಚಾಗಿ ಒಳಗೆ ಬಂದ ಬೆಳಕನ್ನು ಒಂದು ಹಳದಿ ಬಣ್ಣ ಇಸಿದುಕೊಳ್ಳುತ್ತದೆ, ಇಸಿದುಕೊಂಡು ಸುಮ್ಮನೆ ಶಾಖ ಮಾಡಿ ಗಾಳಿಗೆ ಬಿಟ್ಟುಬಿಡುತ್ತದೆ, ಯಾರಿಗೂ ನೋವಿಲ್ಲ. ನೆರಳಲ್ಲಿ ಬೆಳೆದವಕ್ಕೆ ಆ ಹಳದಿ ಕಡಿಮೆ, ಅದಕ್ಕೇ ನನ್ನ ಸಸಿಗಳು ಸುಟ್ಟವು. ಇವರು ತಲೆ ಕೆರೆದುಕೊಂಡರು, ಅಂದ್ರೆ ತಿನ್ನೋದಷ್ಟೇ ಅಲ್ಲ, ಬಿಸಾಕೋದೂ ಗೊತ್ತಿರ್ಬೇಕು. ಮರುದಿನ ಅವರ ಮನೆಯ ಕಿಟಕಿಯ ಪರದೆಯನ್ನೇ ಬಿಚ್ಚಿ ತಂದು ಸಸಿಗಳ ಮೇಲೆ ಕಟ್ಟಿದರು, ನೀಲಿ ಪರದೆ, ಮೂಲೆಯಲ್ಲಿ ಇಸ್ತ್ರಿ ಸುಟ್ಟ ಗುರುತು, ದಿನಾ ಬೆಳಿಗ್ಗೆ ಆಸ್ಪತ್ರೆಯಲ್ಲಿ ನೆಂಟರನ್ನು ವಿಚಾರಿಸುವವರ ಹಾಗೆ ಬಂದು ಇಣುಕುತ್ತಿದ್ದರು, ಹೇಗಿದಾರೆ ಮೇಡಂ ನಮ್ಮೋರು? ಹೊಸ ಚಿಗುರು ಬಂದ ದಿನ ಚಹಾ ಕೊಡಿಸಿದರು, ನನಗೆ, ಗಿಡಕ್ಕಲ್ಲ. ಅವರ ಮನೆಯ ಆ ಕಿಟಕಿಗೆ ಈವರೆಗೂ ಪರದೆ ಹಾಕಿಲ್ಲವಂತೆ.

ನಾನೂ ಬಿಸಾಕುವುದು ಕಲಿತದ್ದು ಒಂದು ಬೇಸಿಗೆಯಲ್ಲಿ, ನನ್ನವರು ತೀರಿಕೊಂಡ ವರ್ಷ, ಎಂಥ ಮನುಷ್ಯ ಅವರು, ಶಾಲೆಯ ಮೇಷ್ಟ್ರು, ತಮ್ಮ ಜೋಕಿಗೆ ತಾವೇ ಮೊದಲು ನಕ್ಕು ಆಮೇಲೆ ಅದನ್ನು ಹೇಳುವವರು, ಅರ್ಧಕ್ಕೇ ನಗು ಬಂದು ಜೋಕು ಪೂರ್ತಿ ಕೇಳಿದ ನೆನಪೇ ನನಗಿಲ್ಲ, ಈಗ ನೆನೆದರೂ ತುಟಿ ಅರಳುತ್ತದೆ, ನೋಡು, ಕತ್ತಲಲ್ಲಿ ಒಬ್ಬಳೇ ನಗುತ್ತಿದ್ದೇನೆ, ಯಾರಾದರೂ ಕಂಡರೆ ಎಲೆ ಮೇಡಂಗೆ ತಲೆ ಕೆಟ್ಟಿತು ಎಂದಾರು. ಅವರು ಹೋದಾಗ ಜನ ಮನೆಗೆ ಬಂದರು, ಬರುತ್ತಲೇ ಇದ್ದರು, ಅಯ್ಯೋ ಪಾಪ, ಇಷ್ಟು ಬೇಗ ಹೀಗಾಗ್ಬಾರ್ದಿತ್ತು, ಧೈರ್ಯ ತಗೊಳ್ಳಿ, ಊಟ ಮಾಡಿದ್ರಾ, ನಿದ್ದೆ ಬರುತ್ತಾ, ಕೈ ಹಿಡಿಯುವವರು, ತಲೆ ಸವರುವವರು, ಎಲ್ಲರೂ ಒಳ್ಳೆಯವರು, ಒಬ್ಬರಲ್ಲೂ ಕೆಡುಕಿಲ್ಲ, ಆದರೆ ಅಷ್ಟೂ ಕರುಣೆಯನ್ನು ಒಳಗಿಟ್ಟುಕೊಂಡಿದ್ದರೆ ನಾನು ಸುಟ್ಟೇ ಹೋಗುತ್ತಿದ್ದೆ, ಎಷ್ಟು ಅಂತ ತಿನ್ನುವುದು, ಹಾಗಾಗಿ ತಲೆಯಾಡಿಸುವುದು ಕಲಿತೆ, ಹೂಂ ಹೂಂ, ನೋಡೋಣ, ಆಗಲಿ ನೋಡೋಣ, ಒಳಗೆ ಬಂದದ್ದನ್ನು ಹಾಗೇ ಬೆಚ್ಚಗೆ ಗಾಳಿಗೆ ಬಿಟ್ಟೆ. ಬದುಕಿದೆ. ಚೆನ್ನಾಗಿಯೇ ಬದುಕಿದ್ದೇನೆ, ಮನೆ ಸಣ್ಣದು, ಬೆಳಿಗ್ಗೆ ರೇಡಿಯೊ, ಇಲ್ಲಿ ಗಿಡಗಳು, ಸಂಜೆ ತಂಗಿಯ ಫೋನು, ನನ್ನನ್ನು ನೋಡಿ ಯಾರೂ ಅಯ್ಯೋ ಎನ್ನಬೇಕಾಗಿಲ್ಲ. ಆದರೆ ಈ ಕ್ಲಿಪ್ಪಿನಲ್ಲಿ ಕೂತಿದೆಯಲ್ಲ ಈ ಎಲೆ, ಇದರ ತಳಿಯನ್ನು ಬೆಳೆಸಲು ಇಷ್ಟು ವರ್ಷ ಹಿಡಿದದ್ದು ಯಾಕೆ, ಅದನ್ನು ಸಭೆಗಳಲ್ಲಿ ನಿಂತು ನಾನೇ ಹೇಳುತ್ತೇನೆ, ಗಿಡಕ್ಕೆ ಆ ಹಳದಿಯ ಕಾವಲು ಏರಿಸುವುದು ಚೆನ್ನಾಗಿ ಗೊತ್ತು, ಇಳಿಸುವುದರಲ್ಲಿ ನಿಧಾನ, ಮೋಡ ಬಂದು ಬಿಸಿಲು ತಗ್ಗಿದ ಮೇಲೂ ಅದು ಹಳೆಯ ಭಯದಲ್ಲೇ ಇರುತ್ತದೆ, ಬಂದ ಒಳ್ಳೆಯ ಬೆಳಕನ್ನೂ ಬಿಸಾಕುತ್ತಲೇ ಇರುತ್ತದೆ, ಆಗ ಹೋದ ಊಟ ಹೋಯಿತು, ನಮ್ಮ ಹೊಸ ಗಿಡ ಮಾತ್ರ ಕಾವಲನ್ನು ಬೇಗ ಇಳಿಸಬೇಕು, ಇಳಿಸುತ್ತದೆಯೋ ಇಲ್ಲವೋ ನೋಡಬೇಕು — ಎಂದು ಹೇಳಿ ಕೆಳಗಿಳಿದು ಚಪ್ಪಾಳೆ ಕೇಳಿ ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇನೆ. ಒಂದು ದಿನವಾದರೂ ಕನ್ನಡಿ ನೋಡಿಕೊಂಡೆನೇ. ಬೆಳಿಗ್ಗೆ ಕುಂಡ ಹಿಡಿದು ನಿಂತಾಗ ಅದು ನನ್ನ ಉತ್ತರವೇ ಆಗಿರಲಿಲ್ಲ, ಕಾವಲು ತಾನೇ ಮಾತಾಡಿತ್ತು, ಬಿಸಿಲು ಯಾವತ್ತೋ ಇಳಿದಿದ್ದರೂ.

ಕೆಂಪು ಬೆರಳುಗಳು, ಬೇಡ ಎಂದರೂ ನೆನಪಿಗೆ ಬರುತ್ತವೆ, ಬೆಳಿಗ್ಗೆಯಿಂದ ಇದು ಎಷ್ಟನೆಯ ಸಲವೋ. ಹೋದ ಮಳೆಗಾಲದ ಒಂದು ಮಧ್ಯಾಹ್ನ, ಇದೇ ಸ್ಟೂಲು, ಬೇರೆ ಎಲೆ, ಬಾಗಿಲು ತೆರೆದು ಮತ್ತೆ ಮುಚ್ಚಿದ ಸದ್ದು, ಬಾಗಿಲಿಗೂ ಪರದೆಗೂ ನಡುವೆ ಒಬ್ಬರು ನಿಲ್ಲುವಷ್ಟು ಜಾಗವಿದೆ, ಅಲ್ಲಿಂದ ದೀಪದವರ ಧ್ವನಿ, ಮೇಡಂ, ಹೆದರ್ಬೇಡಿ, ಕರೆಂಟ್ ಹೋಗಿದೆ, ಬ್ಯಾಟರಿ ತಂದಿದೀನಿ. ಕತ್ತಲೆ ಬೇಕೆಂದೇ ಕೂತವಳಿಗೆ ಕರೆಂಟು ಹೋದ ಸುದ್ದಿ! ನಾನು ಉಸಿರು ಬಿಗಿಹಿಡಿದು, ಬ್ಯಾಟರಿ ಆರ್ಸಿ ರೀ, ಎಲೆ ಇದೆ, ಎಂದೆ, ಅವರು ಗಾಬರಿಯಾಗಿ ಗುಂಡಿ ಹುಡುಕುವುದನ್ನೇ ಮರೆತು ಬ್ಯಾಟರಿಯ ಬಾಯಿಯನ್ನು ಅಂಗೈಯಿಂದ ಮುಚ್ಚಿಬಿಟ್ಟರು, ಪರದೆಯ ಸಂದಿಯಲ್ಲಿ ಕಂಡದ್ದು ಅಷ್ಟೇ, ಗಾಳಿಯಲ್ಲಿ ತೇಲುವ ಐದು ಬೆರಳು, ಒಳಗಿನಿಂದ ಬೆಳಗುವ ಕೆಂಪು, ಎಳೆ ಚಿಗುರಿನ ಕೆಂಪು, ನಡುವೆ ಮೂಳೆಯ ಮಸುಕು ನೆರಳು, ಹಿಂದೆ ಮುಖವೂ ಇಲ್ಲ ಮೈಯೂ ಇಲ್ಲ. ಆಮೇಲೆ ಗುಂಡಿ ಸಿಕ್ಕಿ ಅದೂ ಆರಿತು. ಅಲ್ಲಾ ಮೇಡಂ, ನಿಮ್ಗೆ ಕರೆಂಟ್ ಹೋಗಿದ್ದು ಗೊತ್ತಾಗೋದಾದ್ರೂ ಹೇಗೆ, ನಾನೊಬ್ಬ ಪೆದ್ದ, ಎಂದು ನಗತೊಡಗಿದರು, ನನಗೂ ನಗು, ಎಲೆ ಕೆಟ್ಟಿತೋ ಉಳಿಯಿತೋ ಎಂದು ನೋಡುವುದಕ್ಕೂ ಆಗದಷ್ಟು ನಗು, ಅವರು ಪರದೆಯ ಆಚೆ, ನಾನು ಈಚೆ. ಮತ್ತೆ ಬಾಗಿಲು ತೆರೆದರೆ ಬೆಳಕು ಬಂದೀತೆಂದು ಅರ್ಧ ಗಂಟೆ ಮುಗಿಯುವವರೆಗೂ ಅಲ್ಲೇ ನಿಂತರು, ಮಗಳ ಮನೆಯ ಬೆಕ್ಕಿನ ಕತೆ ಹೇಳಿದರು, ಹೆಂಡತಿ ತೀರಿಕೊಂಡ ಮೇಲೆ ಅಡುಗೆ ಕಲಿಯಲು ಹೋಗಿ ಮೊದಲ ದಿನ ಪಾತ್ರೆಯನ್ನೇ ಕರಕಲು ಮಾಡಿದ್ದನ್ನು ಹೇಳಿದರು, ಅವತ್ತು ನಾನು ಒಂದು ಸಲವೂ ನೋಡೋಣ ಅನ್ನಲಿಲ್ಲ. ತಂಗಿಗೆ ಈ ಕತೆ ಹೇಳಿದ್ದೆ, ಅವಳು ಬೆಕ್ಕನ್ನೂ ಬಿಟ್ಟು ಪಾತ್ರೆಯನ್ನೂ ಬಿಟ್ಟು, ಆಮೇಲೆ ಏನಾಯ್ತಕ್ಕಾ, ಎಂದಳು. ಏನೂ ಆಗಲಿಲ್ಲ ಎಂದೆ. ಏನೂ ಆಗ್ದೆ ಇರೋದನ್ನ ಮೂರ್ನೇ ಸಲ ಹೇಳ್ತಿದೀಯ ಕಣಕ್ಕಾ.

ಏಣಿ. ದೂರದಲ್ಲಿ, ಕಾರಿಡಾರಿನ ಆ ತುದಿಯಲ್ಲಿ, ಅವರ ಏಣಿಯ ಒಂದು ಮೆಟ್ಟಿಲು ಸಡಿಲ, ನಡೆದರೆ ಹೆಜ್ಜೆಗೊಂದು ಟಿಣ್, ಊಟ ಮುಗಿಯಿತು ಹಾಗಾದರೆ, ಟಿಣ್, ಏಣಿಯನ್ನು ಉಗ್ರಾಣದಲ್ಲಿಟ್ಟರೆ ಪಕ್ಕದ ಬಾಗಿಲೇ ಮ್ಯಾನೇಜರದು, ಟಿಣ್, ಹತ್ತಿರ ಬರುತ್ತಿದೆ, ನಾನು ಹೇಳಿದ್ದೇನೆ, ಸದ್ದಿನಿಂದ ಎಲೆಗೇನೂ ಆಗಲ್ಲ ರೀ, ಆದರೂ ಈ ಬಾಗಿಲ ಮುಂದೆ ಬಂದಾಗ ಆ ಮೆಟ್ಟಿಲನ್ನು ಕೈಯಲ್ಲಿ ಒತ್ತಿ ಹಿಡಿದು ದಾಟುತ್ತಾರೆ, ಇರ್ಲಿ ಮೇಡಂ, ಮಲಗಿರೋರ ಮನೆ ಮುಂದೆ ಹೋದ ಹಾಗೆ — ನಿಂತಿತು ಸದ್ದು. ನಿಂತಿತು ಎಂದರೆ ಇಲ್ಲೇ ಇದ್ದಾರೆ, ಬಾಗಿಲ ಆಚೆ, ಬೆಳಿಗ್ಗೆ ಅಷ್ಟಾದ ಮೇಲೂ ಮೆಟ್ಟಿಲು ಒತ್ತಿ ಹಿಡಿದು, ಕಳ್ಳಹೆಜ್ಜೆಯಲ್ಲಿ, ಕೂಗಲೇ, ಇನ್ನು ಸ್ವಲ್ಪವೇ ಹೊತ್ತು, ಎಲೆ ತಣ್ಣಗಾಗುತ್ತಾ ಬಂದಿದೆ, ಇಷ್ಟು ವರ್ಷದಲ್ಲಿ ಒಂದು ಸಲವೂ ನಾನು ಈ ಬಾಗಿಲನ್ನು ನಡುವೆ ತೆರೆದವಳಲ್ಲ, ಬೆಂಕಿಯ ಗಂಟೆ ಹೊಡೆದಾಗಲೂ ತೆರೆದಿಲ್ಲ, ಆಮೇಲೆ ಅದು ಬರೀ ತಾಲೀಮು ಎಂದು ಗೊತ್ತಾಯಿತು, ಆ ಮಾತು ಬೇರೆ, ಸಂಜೆ ಹೇಳಿದರಾಗದೇ, ಸಂಜೆಗೆ ಮ್ಯಾನೇಜರ್ ಒಪ್ಪಿಬಿಟ್ಟಿರುತ್ತಾನೆ, ಜನ ಬೇಕು ಎಂದು ಕಾಯುತ್ತಿದ್ದಾನೆ, ನಾಳೆ ಆ ಕಟ್ಟಡಕ್ಕೆ ಹೋಗಿ ಹುಡುಕಿ ಹೇಳಿದರಾಗದೇ, ಹೇಳುತ್ತೀಯಾ ನೀನು, ನಿನ್ನನ್ನು ನಾನು ಕಾಣೆನೇ, ನೋಡೋಣ ಎನ್ನುತ್ತೀ — ಟಿಣ್. ಆಚೆ. ದಾಟಿದರು. ಟಿಣ್. ನನಗೆ ಅವರು ಬೇಕು. ಬೇಕು, ಅಷ್ಟೇ, ಇದರಲ್ಲಿ ಯೋಚಿಸುವುದೇನಿದೆ, ಬೆಕ್ಕಿನ ಕತೆ ಬೇಕು, ಪರದೆ ಇಲ್ಲದ ಆ ಕಿಟಕಿ ಬೇಕು, ಸ್ಟೂಲು ಬಿತ್ತು, ಬೀಳಲಿ, ಎಲೆಯೇ, ನಿನಗೇನೂ ಆಗುವುದಿಲ್ಲ, ಅಳತೆ ಕೆಡುತ್ತದೆ, ನಾಳೆ ನಿನಗೆ ಮತ್ತೆ ಕತ್ತಲು ಕೊಡುತ್ತೇನೆ, ಪರದೆ ಎಲ್ಲಿ, ಪರದೆಯ ಸಂದಿ ಎಲ್ಲಿ, ಚಿಲಕ, ತಣ್ಣನೆಯ ಚಿಲಕ, ಎಳೆದೆ, ಮತ್ತೆ ಇಡೀ ಕಾರಿಡಾರಿನ ಬಿಸಿಲು ಒಂದೇ ಸಲ ಮುಖಕ್ಕೆ ಬಡಿಯುತ್ತದೆ, ಕಣ್ಣು ಬಿಡಲಾಗುವುದಿಲ್ಲ, ಕೈ ತಾನೇ ಮೇಲೆದ್ದು ಮುಖಕ್ಕೆ ಅಡ್ಡ ನಿಲ್ಲುತ್ತದೆ, ಟಿಣ್ ಸದ್ದು ನಿಂತಿದೆ, ಏಣಿ ಗೋಡೆಗೆ ತಾಗಿದ ಸದ್ದು, ಓಡಿ ಬರುವ ಹೆಜ್ಜೆ, ಮೇಡಂ, ಎಲೆ! ಬಾಗ್ಲು ತೆಗ್ದ್ಬಿಟ್ರಲ್ಲ ಮೇಡಂ, ಒಳಗೆ ಎಲೆ ಇದೆ, ಬೆಳಕು ಬೀಳುತ್ತೆ, ಮುಚ್ಚಿ ಮುಚ್ಚಿ — ಅಷ್ಟು ಹೇಳಿ ಅರ್ಧಕ್ಕೆ ನಿಂತರು, ನಾನು ಬಾಗಿಲು ತೆರೆದದ್ದು ಯಾಕೆಂದು ಅವರಿಗೂ ಹೊಳೆಯಿತು, ಹೂಂ, ಎಂದೆ, ಜೋರಾಗಿಯೇ ಎಂದಿರಬೇಕು, ಯಾವುದೋ ಕೋಣೆಯಲ್ಲಿ ಡಬ್ಬಿಯ ಸದ್ದು ನಿಂತಿತು, ಬೆಳಿಗ್ಗೆ ಕೇಳಿದ್ರಲ್ಲ, ಅದಕ್ಕೆ, ಹೂಂ, ಅವರ ಉಸಿರು ಕೇಳಿಸುತ್ತದೆ, ಮುಖ ಹೇಗಿದೆಯೋ, ನೋಡಬೇಕು, ಕೈ ಇಳಿಸಬೇಕು, ಇಳಿಸುತ್ತೇನೆ, ಕೈಯ ಹಿಂದೆ ಕಿಟಕಿಯ ಬಿಸಿಲು, ಬೆರಳುಗಳು, ಕೆಂಪು, ಒಳಗಿನಿಂದ ಬೆಳಗುವ ಕೆಂಪು, ಈ ಸಲ ನನ್ನವು